ಒಂದೇ ಶಾಫ್ಟ್, ಮೂರು ತೀರ್ಪು

ಶಾಫ್ಟ್‌ನ ವ್ಯಾಸಕ್ಕೆ ಡ್ರಾಯಿಂಗ್‌ನಲ್ಲಿ ಎರಡು ಮಿತಿಗಳಿರುತ್ತವೆ. ದಪ್ಪವಾದರೆ ಬೇರಿಂಗ್‌ನೊಳಗೆ ಹೋಗದು, ಸಣ್ಣಗಾದರೆ ಸಡಿಲ. ಅದೇ ಶಾಫ್ಟ್‌ನ ರನ್‌ಔಟ್‌ಗೆ ಮಾತ್ರ ಒಂದೇ ಮಿತಿ: 50 ಮೈಕ್ರಾನ್ ಮೀರಬಾರದು. ಎರಡು ಸೆಂಟರ್‌ಗಳ ನಡುವೆ ಶಾಫ್ಟ್ ಕೂರಿಸಿ, ಡಯಲ್ ಗೇಜಿನ ಮೊನೆ ತಾಗಿಸಿ, ಕೈಯಲ್ಲಿ ಮೆಲ್ಲಗೆ ಒಂದು ಸುತ್ತು ತಿರುಗಿಸಿದಾಗ ಮುಳ್ಳು ಎಷ್ಟು ಓಡಾಡುತ್ತದೋ ಅದೇ ರನ್‌ಔಟ್. ಮುಳ್ಳು ಅಲುಗದೇ ಇದ್ದರೆ ಬಹಳ ಒಳ್ಳೆಯದು. ಅದಕ್ಕೆ ಯಾವ ಗ್ರಾಹಕನೂ ತಕರಾರು ತೆಗೆಯುವುದಿಲ್ಲ.

ಪೀಣ್ಯವಾಗಲಿ ಬೆಳಗಾವಿಯಾಗಲಿ, ವಾಹನ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಮೆಷಿನ್ ಶಾಪ್‌ಗಳು ಮುಖ್ಯ ಅಳತೆಗಳಿಗೆ ಸಿಪಿಕೆ ಬರೆದುಕೊಡಬೇಕು. ಸರಾಸರಿಯಿಂದ ಹತ್ತಿರದ ಮಿತಿಗೆ ಎಷ್ಟು ದೂರವಿದೆಯೋ ಅದನ್ನು ಮೂರು ಸಿಗ್ಮಾದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಅಳತೆಗಳು ಎಷ್ಟು ಚದುರಿವೆ ಎಂಬುದರ ಲೆಕ್ಕವೇ ಸಿಗ್ಮಾ. ವಾಹನೋದ್ಯಮದ ಪಿಪಿಎಪಿ ಕೈಪಿಡಿಯಂತೆ, ಆರಂಭದ ಅಧ್ಯಯನದಲ್ಲಿ 1.67 ದಾಟಿದರೆ ಒಪ್ಪಿಗೆ, 1.33ಕ್ಕಿಂತ ಕೆಳಗಾದರೆ ಇಲ್ಲ, ನಡುವೆ ಬಿದ್ದರೆ ಗ್ರಾಹಕರ ಜೊತೆ ಮಾತುಕತೆ.

ಒಂದು ಲಾಟಿನ ಸರಾಸರಿ ರನ್‌ಔಟ್ 12 ಮೈಕ್ರಾನ್, ಸಿಗ್ಮಾ 6 ಎಂದಿಟ್ಟುಕೊಳ್ಳಿ. ರನ್‌ಔಟ್ ಸೊನ್ನೆಗಿಂತ ಕಡಿಮೆಯಾಗದು ಎಂದು ಕಂಪ್ಯೂಟರಿನ ಕೆಳಮಿತಿಯ ಖಾನೆಯಲ್ಲಿ 0 ತುಂಬುವ ರೂಢಿ ಕೆಲವೆಡೆ ಇದೆ. ಹಾಗೆ ಮಾಡಿದರೆ 'ಹತ್ತಿರದ ಮಿತಿ' ಸೊನ್ನೆಯೇ ಆಗುತ್ತದೆ. 12ನ್ನು 18ರಿಂದ ಭಾಗಿಸಿದರೆ 0.67. ಲಾಟು ಫೇಲು! ಸೆಟ್ಟರ್ ಪಾಪ, ಚಕ್ಕಿನ ದವಡೆಗಳನ್ನು ಮತ್ತೆ ಬೋರ್ ಮಾಡಿ, ಸೆಂಟರ್ ಸರಿಪಡಿಸಿ ಸರಾಸರಿಯನ್ನು 8ಕ್ಕೂ ಸಿಗ್ಮಾವನ್ನು 5ಕ್ಕೂ ಇಳಿಸುತ್ತಾನೆ. ಈಗ 8 ಭಾಗಿಸು 15, ಅಂದರೆ 0.53. ಕೆಲಸ ಚೆನ್ನಾದಷ್ಟೂ ಅಂಕ ಕೆಡುತ್ತದೆ. ಇದನ್ನು ಬರೀ ಲೆಕ್ಕದ ತಪ್ಪೆಂದು ನಾನು ಬಿಡಲಾರೆ. ಮೈಮುರಿದು ದುಡಿದವನಿಗೆ ಆಗುವ ಅನ್ಯಾಯ ಇದು. ಆ ಸೊನ್ನೆ ಪ್ರಕೃತಿ ಹಾಕಿದ ಗಡಿ, ಗ್ರಾಹಕ ಕೇಳಿದ ಮಿತಿಯಲ್ಲ. ಎರಡು ಮಿತಿಗಳ ನಡುವಿನ ಅಗಲವನ್ನು ಆರು ಸಿಗ್ಮಾದಿಂದ ಭಾಗಿಸುವ ಸಿಪಿಗಂತೂ ಇಲ್ಲಿ ಅರ್ಥವೇ ಇಲ್ಲ, ಏಕೆಂದರೆ ಅಳೆಯಲು ಅಗಲವೇ ಇಲ್ಲ.

ಇರುವ ಮೇಲ್ಮಿತಿಯನ್ನಷ್ಟೇ ಹಿಡಿದು ಲೆಕ್ಕ ಹಾಕಿದರೆ, 50ರಲ್ಲಿ 12 ಕಳೆದು 38. ಅದನ್ನು 18ರಿಂದ ಭಾಗಿಸಿದರೆ 2.11. ಇದಕ್ಕೆ ಸಿಪಿಯು ಎನ್ನುತ್ತಾರೆ. ಲಾಟು ಸಲೀಸಾಗಿ ಪಾಸು.

ಆದರೆ ಇಲ್ಲಿಗೇ ನಿಲ್ಲುವಂತಿಲ್ಲ. ಮೂರು ಸಿಗ್ಮಾದ ಲೆಕ್ಕದ ಹಿಂದೆ ಅಳತೆಗಳು ಸರಾಸರಿಯ ಎರಡೂ ಬದಿಗೆ ಸಮನಾಗಿ ಹರಡಿವೆ ಎಂಬ ನಂಬಿಕೆಯಿದೆ. ರನ್‌ಔಟ್, ಸಮತಲತೆ, ಮೇಲ್ಮೈ ಒರಟುತನಗಳು ಹಾಗೆ ಹರಡುವುದು ಅಪರೂಪ. ಸೊನ್ನೆಯ ಕಡೆ ಒತ್ತಾಗಿ ಸೇರಿ, ಮೇಲ್ಮಿತಿಯ ಕಡೆಗೆ ಉದ್ದ ಬಾಲ ಚಾಚುತ್ತವೆ. ಕೆಟ್ಟ ಶಾಫ್ಟ್‌ಗಳು ಇರುವುದೇ ಆ ಬಾಲದಲ್ಲಿ. ಆದ್ದರಿಂದ ಸರಾಸರಿಯ ಬದಲು ಮಧ್ಯಾಂಕವನ್ನೂ, ಮೂರು ಸಿಗ್ಮಾದ ಬದಲು ಶೇ 99.865 ಅಳತೆಗಳು ಯಾವ ಬಿಂದುವಿನ ಒಳಗಿರುತ್ತವೋ ಅಲ್ಲಿಯವರೆಗಿನ ದೂರವನ್ನೂ ಬಳಸುವ ಕ್ರಮವಿದೆ. ನಮ್ಮ ಲಾಟಿನಲ್ಲಿ ಮಧ್ಯಾಂಕ 11, ಆ ಬಿಂದು 38 ಎಂದಾದರೆ, 39ನ್ನು 27ರಿಂದ ಭಾಗಿಸಬೇಕು. ಉತ್ತರ 1.44. ಮಾತುಕತೆಗೆ ಕೂರಬೇಕಾದ ಅಂಕಿ! ನಾನು ನಂಬುವುದು ಇದನ್ನೇ. ಮೂವತ್ತು ಶಾಫ್ಟ್ ಅಳೆದು ಈ ಬಿಂದುವನ್ನು ನೇರವಾಗಿ ಕಾಣಲಾಗದು. ಅಂಕಿಗಳಿಗೆ ಹೊಂದುವ ವಿತರಣೆ ಹುಡುಕಬೇಕು, ಇನ್ನಷ್ಟು ಅಳೆಯಬೇಕು.

ಬರೀ ಕೆಳಮಿತಿ ಇರುವ ಕಡೆ ಕಥೆ ಬೇರೆ. ಎಂ25 ಕಾಂಕ್ರೀಟಿನ ಘನಗಳು 28 ದಿನಕ್ಕೆ ಪ್ರತಿ ಚದರ ಮಿಲಿಮೀಟರಿಗೆ 25 ನ್ಯೂಟನ್ ತಾಳಬೇಕು. ಹೆಚ್ಚು ತಾಳಿದರೆ ಯಾರೂ ಬೇಡ ಎನ್ನರು. ಐ.ಎಸ್. 456 ಸಂಹಿತೆ ಇದಕ್ಕಿಂತ ಕೆಳಗೆ ಶೇ 5ಕ್ಕಿಂತ ಹೆಚ್ಚು ಫಲಿತಾಂಶಗಳು ಬೀಳಬಾರದು ಎನ್ನುತ್ತದೆ. ಹಾಗಾಗಿ ಸಿಗ್ಮಾದ 1.65 ಪಟ್ಟು ಸೇರಿಸಿ ಗುರಿ ಇಡುತ್ತಾರೆ. ಸಿಗ್ಮಾ 4 ಆದರೆ ಗುರಿ 31.6. ಕೆಳಮಿತಿಯನ್ನಷ್ಟೇ ಹಿಡಿಯುವ ಸಿಪಿಎಲ್ ಲೆಕ್ಕದಲ್ಲಿ ಇದು ಬರೀ 0.55. ಶಾಫ್ಟಿನ 1.33ನ್ನು ಇಲ್ಲಿಗೂ ತಂದರೆ ಸರಾಸರಿಯನ್ನು 41ಕ್ಕೆ ಏರಿಸಬೇಕಾಗುತ್ತದೆ, ಅದಕ್ಕೆ ಬೇಕಾದ ಸಿಮೆಂಟಿನ ದುಡ್ಡು ಮನೆ ಕಟ್ಟಿಸುವವರ ತಲೆಯ ಮೇಲೆ. ಅದರ ಬದಲು ಜಲ್ಲಿ, ಮರಳು, ನೀರನ್ನು ಬಾಂಡ್ಲಿಯಲ್ಲಿ ಅಂದಾಜಿಗೆ ಸುರಿಯದೆ ತೂಗಿ ಹಾಕಿ, ಸಿಗ್ಮಾವನ್ನು 3.5ಕ್ಕೆ ಇಳಿಸಿದರೆ ಗುರಿ 30.8ಕ್ಕೆ ಬರುತ್ತದೆ.