ಜೊಟೆರೊ: ಪದಸಂಸ್ಕಾರಕ ಜೋಡಣೆಯ ದೋಷನಿವಾರಣೆ

ಜೊಟೆರೊ ಎಂಬುದು ಆಕರಗಳನ್ನು ಸಂಗ್ರಹಿಸಿ, ಸಂಶೋಧನಾ ಬರಹಗಳಿಗೆ ಬೇಕಾದ ಉಲ್ಲೇಖಗಳನ್ನೂ ಗ್ರಂಥಸೂಚಿಯನ್ನೂ ಸಿದ್ಧಪಡಿಸುವ ಮುಕ್ತ ತಂತ್ರಾಂಶ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಇದು 2006ರಲ್ಲಿ ಫೈರ್‌ಫಾಕ್ಸ್ ಬ್ರೌಸರಿನ ವಿಸ್ತರಣೆಯಾಗಿ ಬಿಡುಗಡೆಯಾಯಿತು; ಅನಂತರ ಸ್ವತಂತ್ರ ತಂತ್ರಾಂಶವಾಗಿ ಬೆಳೆಯಿತು. ಮೈಕ್ರೋಸಾಫ್ಟ್ ವರ್ಡ್, ಲಿಬ್ರೆಆಫೀಸ್ ಮತ್ತು ಗೂಗಲ್ ಡಾಕ್ಸ್‌ಗಳೊಂದಿಗೆ ಇದನ್ನು ಬಳಸಬಹುದು.

ಕಾರ್ಯವಿಧಾನ

ವರ್ಡ್ ಕಡತದಲ್ಲಿ ಜೊಟೆರೊ ಸೇರಿಸುವ ಉಲ್ಲೇಖವು ಸಾಮಾನ್ಯ ಪಠ್ಯವಲ್ಲ. ಅದು ಒಂದು 'ಫೀಲ್ಡ್'. ಕಣ್ಣಿಗೆ ಕಾಣುವ ಪಠ್ಯದ ಹಿಂದೆ ಆಕರದ ವಿವರಗಳೂ ಜೊಟೆರೊ ಸಂಗ್ರಹದೊಂದಿಗಿನ ಕೊಂಡಿಯೂ ಅಡಗಿರುತ್ತವೆ. ಉಲ್ಲೇಖಶೈಲಿಯನ್ನು ಬದಲಿಸಿದಾಗ ಇಡೀ ಪ್ರಬಂಧದ ಉಲ್ಲೇಖಗಳು ಒಮ್ಮೆಗೇ ಬದಲಾಗಲು ಈ ಕೊಂಡಿಯೇ ಕಾರಣ. ಬಹುತೇಕ ತೊಂದರೆಗಳು ಈ ಕೊಂಡಿ ಕಡಿದಾಗ ಅಥವಾ ಎರಡು ತಂತ್ರಾಂಶಗಳ ನಡುವಿನ ಸಂಪರ್ಕ ತಪ್ಪಿದಾಗ ಉಂಟಾಗುತ್ತವೆ.

ಸಾಮಾನ್ಯ ತೊಂದರೆಗಳು ಮತ್ತು ಪರಿಹಾರಗಳು

ಜೊಟೆರೊ ಪಟ್ಟಿ ಕಾಣದಿರುವುದು: ಜೊಟೆರೊದ ಸೆಟ್ಟಿಂಗ್ಸ್‌ನಲ್ಲಿರುವ 'ಸೈಟ್' ವಿಭಾಗದಿಂದ ಪ್ಲಗಿನ್ನನ್ನು ಮರುಸ್ಥಾಪಿಸಿ, ವರ್ಡನ್ನು ಮುಚ್ಚಿ ತೆರೆಯಬೇಕು. ಗೂಗಲ್ ಡಾಕ್ಸ್‌ನಲ್ಲಾದರೆ ಬ್ರೌಸರಿನಲ್ಲಿ 'ಜೊಟೆರೊ ಕನೆಕ್ಟರ್' ಇರಬೇಕು.

ಸಂಪರ್ಕ ದೊರೆಯದಿರುವುದು: ಉಲ್ಲೇಖ ಸೇರಿಸುವಾಗ ಜೊಟೆರೊ ತೆರೆದಿರಬೇಕು. ವಿಂಡೋಸ್‌ನಲ್ಲಿ ಎರಡರಲ್ಲಿ ಒಂದನ್ನು ಮಾತ್ರ 'ಅಡ್ಮಿನಿಸ್ಟ್ರೇಟರ್' ಅಧಿಕಾರದಲ್ಲಿ ನಡೆಸಿದರೂ ಸಂಪರ್ಕ ಏರ್ಪಡುವುದಿಲ್ಲ.

ಉಲ್ಲೇಖದ ಬದಲು ಸಂಕೇತಗಳು ಕಾಣುವುದು: 'ಆಡಿನ್ ಜೊಟೆರೊ ಐಟಂ' ಎಂದು ಆರಂಭವಾಗುವ ಉದ್ದನೆಯ ಸಾಲು ಕಂಡರೆ ಕಡತ ಕೆಟ್ಟಿದೆ ಎಂದರ್ಥವಲ್ಲ. ವಿಂಡೋಸ್ ವರ್ಡ್‌ನಲ್ಲಿ ಆಲ್ಟ್ ಮತ್ತು ಎಫ್9 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಉಲ್ಲೇಖಗಳು ಮರಳಿ ಕಾಣಿಸುತ್ತವೆ.

ತಿದ್ದುಪಡಿಗಳು ಅಳಿಸಿಹೋಗುವುದು: ಗ್ರಂಥಸೂಚಿಯಲ್ಲಿ ನೇರವಾಗಿ ಮಾಡಿದ ತಿದ್ದುಪಡಿ ಮುಂದಿನ ನವೀಕರಣದಲ್ಲಿ ಅಳಿಸಿಹೋಗುತ್ತದೆ. ಹೆಸರು, ವರ್ಷ ಮೊದಲಾದವನ್ನು ಜೊಟೆರೊ ಸಂಗ್ರಹದಲ್ಲಿ ತಿದ್ದಿ, ಕಡತದಲ್ಲಿ 'ರಿಫ್ರೆಶ್' ಒತ್ತುವುದು ಸರಿಯಾದ ಕ್ರಮ.

ತಿದ್ದಿದರೂ ಬದಲಾಗದಿರುವುದು: ಸಂಗ್ರಹದಿಂದ ಆಕರವನ್ನು ಅಳಿಸಿ ಹೊಸದಾಗಿ ಸೇರಿಸಿದ್ದರೆ ಹಳೆಯ ಉಲ್ಲೇಖಕ್ಕೆ ಅದರೊಂದಿಗೆ ಸಂಬಂಧವಿರುವುದಿಲ್ಲ, ಉಲ್ಲೇಖವನ್ನು ಮತ್ತೆ ಸೇರಿಸಬೇಕಾಗುತ್ತದೆ. ಆದ್ದರಿಂದ ನಕಲು ನಮೂದುಗಳನ್ನು ಅಳಿಸುವ ಬದಲು ವಿಲೀನಗೊಳಿಸಬೇಕು. ವಿಲೀನದಲ್ಲಿ ಕೊಂಡಿಗಳು ಉಳಿಯುತ್ತವೆ.

ಹೆಸರುಗಳ ಗೊಂದಲ: ಒಬ್ಬನೇ ಲೇಖಕನ ಹೆಸರು ಎರಡು ರೀತಿಯಲ್ಲಿ ನಮೂದಾಗಿದ್ದರೆ, ಎಪಿಎ ಮುಂತಾದ ಶೈಲಿಗಳು ಇಬ್ಬರು ಲೇಖಕರೆಂದು ಭಾವಿಸಿ ಇನಿಷಿಯಲ್‌ಗಳನ್ನು ಸೇರಿಸುತ್ತವೆ. ಕುಲನಾಮವಿಲ್ಲದ ಕನ್ನಡ ಹೆಸರುಗಳಿಗೂ 'ಕುವೆಂಪು' ಅವರಂತಹ ಕಾವ್ಯನಾಮಗಳಿಗೂ ಏಕಕ್ಷೇತ್ರದ ನಮೂದನ್ನು ಬಳಸುವುದು ಸೂಕ್ತ.

ದೀರ್ಘ ಪ್ರಬಂಧಗಳಲ್ಲಿ ನಿಧಾನಗತಿ: ಕಡತದ ಆದ್ಯತೆಗಳಲ್ಲಿ ಸ್ವಯಂಚಾಲಿತ ನವೀಕರಣವನ್ನು ನಿಲ್ಲಿಸಿ, ಬರವಣಿಗೆ ಮುಗಿದ ಮೇಲೆ ಒಮ್ಮೆ ರಿಫ್ರೆಶ್ ಮಾಡಬಹುದು.

ದೋಷದ ಮೂಲವನ್ನು ಗುರುತಿಸುವುದು

ಮೊದಲು ಹೊಸ ಖಾಲಿ ಕಡತದಲ್ಲಿ ಒಂದು ಉಲ್ಲೇಖವನ್ನು ಸೇರಿಸಿ ನೋಡಬೇಕು. ಅಲ್ಲಿಯೂ ವಿಫಲವಾದರೆ ದೋಷ ಜೋಡಣೆಯಲ್ಲಿದೆ. ಸಫಲವಾದರೆ ಮೂಲ ಕಡತದಲ್ಲಿದೆ. ಆಗ ಕಡತದ ಪ್ರತಿಯೊಂದನ್ನು ಮಾಡಿಕೊಂಡು, ಅದರ ಅರ್ಧಭಾಗವನ್ನು ಅಳಿಸಿ ರಿಫ್ರೆಶ್ ಮಾಡಬೇಕು. ದೋಷವಿರುವ ಅರ್ಧವನ್ನು ಹೀಗೆಯೇ ಮತ್ತೆ ಮತ್ತೆ ವಿಭಜಿಸಿದರೆ ಕೆಟ್ಟಿರುವ ಉಲ್ಲೇಖ ದೊರೆಯುತ್ತದೆ. ಅದನ್ನು ಮೂಲ ಕಡತದಲ್ಲಿ ತೆಗೆದು ಹೊಸದಾಗಿ ಸೇರಿಸಬೇಕು.

ಮುನ್ನೆಚ್ಚರಿಕೆಗಳು

ಒಂದು ಪದಸಂಸ್ಕಾರಕದಿಂದ ಇನ್ನೊಂದಕ್ಕೆ ಕಡತವನ್ನು ಒಯ್ಯುವಾಗ ಜೊಟೆರೊದ ಆದ್ಯತೆಗಳಲ್ಲಿರುವ ವರ್ಗಾವಣೆ ಸೌಲಭ್ಯವನ್ನೇ ಬಳಸಬೇಕು. ಇಲ್ಲವಾದರೆ ಉಲ್ಲೇಖಗಳು ಬರಿಯ ಪಠ್ಯವಾಗಿಬಿಡಬಹುದು. 'ಅನ್‌ಲಿಂಕ್ ಸೈಟೇಶನ್ಸ್' ಆಯ್ಕೆಯು ಎಲ್ಲ ಕೊಂಡಿಗಳನ್ನೂ ಶಾಶ್ವತವಾಗಿ ಕಡಿಯುತ್ತದೆ. ಆದ್ದರಿಂದ ಪ್ರಬಂಧ ಸಲ್ಲಿಕೆಯ ಹಂತದಲ್ಲಿ, ಕೊಂಡಿಗಳಿರುವ ಪ್ರತಿಯನ್ನು ಪ್ರತ್ಯೇಕವಾಗಿ ಉಳಿಸಿಕೊಂಡ ಬಳಿಕವಷ್ಟೇ ಅದನ್ನು ಬಳಸಬೇಕು.