ವಿಮಾನ ಇಳಿದ ಮೇಲೆ ಎಬ್ಬಿಸುವವರು ಯಾರು?

ಹೈದರಾಬಾದಿನ ಅಬಿಡ್ಸ್‌ಗೆ ಆ ಹೆಸರು ಬಂದದ್ದು ಒಬ್ಬ ಸೇವಕನಿಂದ. 1869ರಿಂದ 1911ರವರೆಗೆ ಆಳಿದ ಆರನೇ ನಿಜಾಮ ಮಹಬೂಬ್ ಅಲಿ ಖಾನರ ಉಡುಪು, ಬೂಟು, ಗಡಿಯಾರಗಳ ಉಸ್ತುವಾರಿ ಆಲ್ಬರ್ಟ್ ಅಬಿದ್ ಎಂಬಾತನದು. ಅರ್ಮೇನಿಯನ್ ಮೂಲದವನು, ಚಾಣಾಕ್ಷ. ಮುಂದೆ ಆತ ಇಲ್ಲಿ ತೆರೆದ ಅಂಗಡಿಯಿಂದ ಇಡೀ ಪೇಟೆಗೆ ಅವನ ಹೆಸರಾಯಿತು. ನಿಜಾಮರ ಉಡುಪಿನ ಕಪಾಟು ಪುರಾನಿ ಹವೇಲಿ ಅರಮನೆಯಲ್ಲಿ ಈಗಲೂ ಇದೆ. ಎರಡು ಅಂತಸ್ತಿನ, ಕೈಯಿಂದ ತಿರುಗಿಸುವ ಮರದ ಲಿಫ್ಟ್ ಇರುವ ಕಪಾಟು ಅದು. ಕೈಕಾಲು ಗಟ್ಟಿಯಿದ್ದ ದೊರೆಗೆ ಕೋಟು ಹಿಡಿಯಲು ಒಬ್ಬ ಬೇಕಿತ್ತು. ಅದಕ್ಕಾಗಿ ಯಾರೂ ಅವರನ್ನು ಪರಾವಲಂಬಿ ಎಂದು ಮರುಗಲಿಲ್ಲ. ಕೊಡುವ ಸಂಬಳ ದೊರೆಯದು, ಹೇಳುವ ಮಾತು ದೊರೆಯದು, ಅಷ್ಟೇ.

ಇದೇ ಅಬಿಡ್ಸಿನ ಚಿರಾಗ್ ಅಲಿ ಲೇನ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ಒಬ್ಬ ಹೆಣ್ಣುಮಗಳಿದ್ದಾರೆ ಎಂದಿಟ್ಟುಕೊಳ್ಳೋಣ. ಮನೆಮಾತು ಕನ್ನಡ, ಅಜ್ಜನ ಊರು ರಾಯಚೂರು ಕಡೆಯದು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನವಿಲ್ಲ, ಓಡಾಟ ವೀಲ್‌ಚೇರಿನಲ್ಲಿ, ಕೆಲಸ ಐಟಿ ಕಂಪನಿಯಲ್ಲಿ. ಲಂಡನ್ನಿನಲ್ಲಿ ಹತ್ತು ದಿನದ ತರಬೇತಿಗೆ ಕಂಪನಿ ಕಳಿಸುತ್ತದೆ. ಮನೆಯಲ್ಲಿ ಎಲ್ಲರಿಗೂ ಖುಷಿ. ಮರುಕ್ಷಣವೇ ಪ್ರಶ್ನೆ: ‘ಜೊತೆಗೆ ಯಾರು ಹೋಗ್ತಾರೆ?’ ಅಮ್ಮನಿಗೆ ಮಂಡಿನೋವು. ಅಣ್ಣನಿಗೆ ರಜೆ ಸಿಗಬೇಕು. ಅತ್ತಿಗೆಗೆ ಪಾಸ್‌ಪೋರ್ಟೇ ಇಲ್ಲ. ‘ಯಾರೂ ಬೇಡ, ನಾನೊಬ್ಬಳೇ ಹೋಗ್ತೀನಿ’ ಎಂದರೆ ಮನೆಮಂದಿ ಹೌಹಾರುತ್ತಾರೆ. ಏರ್‌ಪೋರ್ಟಿನವರು ವೀಲ್‌ಚೇರ್ ಕೊಡ್ತಾರಲ್ಲ, ಹೇಗೋ ಆಗುತ್ತೆ ಎಂದು ಧೈರ್ಯ ಹೇಳುವ ಒಬ್ಬ ಮಾವನೂ ಇರುತ್ತಾರೆ. ತಪ್ಪು ತಿಳಿವಳಿಕೆ ಶುರುವಾಗುವುದು ಈ ಮಾವನ ಮಾತಿನಲ್ಲೇ.

ವಿಮಾನಯಾನದ ಸಹಾಯ ಎಂಬುದಕ್ಕೆ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿನವರೆಗೆ ಮಾತ್ರ ಆಯುಷ್ಯ. ಅಷ್ಟನ್ನು ಪಡೆಯಲಿಕ್ಕೂ ಈ ದೇಶದಲ್ಲಿ ಕೋರ್ಟು ಹತ್ತಬೇಕಾಯಿತು. 2012ರ ಫೆಬ್ರುವರಿಯಲ್ಲಿ ಕೋಲ್ಕತ್ತದಿಂದ ಗೋವಾಕ್ಕೆ ಹೊರಟಿದ್ದ, ಸೆರೆಬ್ರಲ್ ಪಾಲ್ಸಿ ಇರುವ ಜೀಜಾ ಘೋಷ್ ಅವರನ್ನು ಸ್ಪೈಸ್‌ಜೆಟ್ ವಿಮಾನದಲ್ಲಿ ಕೂತ ಮೇಲೆ ಇಳಿಸಲಾಯಿತು. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅವರಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಆರು ವರ್ಷ ಕಳೆದು, 2022ರ ಮೇ ತಿಂಗಳಲ್ಲಿ, ರಾಂಚಿಯಲ್ಲಿ ಅಂಗವಿಕಲ ಹುಡುಗನೊಬ್ಬನನ್ನು ಇಂಡಿಗೋ ಹತ್ತಿಸಿಕೊಳ್ಳಲಿಲ್ಲ. ವಿಮಾನಯಾನದ ನಿಯಂತ್ರಕ ಡಿಜಿಸಿಎ 5 ಲಕ್ಷ ದಂಡ ಹಾಕಿ, ಅದೇ ವರ್ಷದ ಜುಲೈನಲ್ಲಿ ನಿಯಮ ಬಿಗಿ ಮಾಡಿತು. ಈಗ ಅಂಗವೈಕಲ್ಯದ ಕಾರಣ ಹೇಳಿ ಯಾರನ್ನೂ ಬಿಟ್ಟುಹೋಗುವಂತಿಲ್ಲ. ಹಾರುವಾಗ ಆರೋಗ್ಯ ಕೆಟ್ಟೀತು ಎಂಬ ಅನುಮಾನ ಬಂದರೆ ಏರ್‌ಪೋರ್ಟಿನ ಡಾಕ್ಟರರ ಅಭಿಪ್ರಾಯ ಪಡೆಯಬೇಕು, ಬೇಡ ಎಂದಾದರೆ ಕಾರಣವನ್ನು ಬರೆದು ಕೊಡಬೇಕು.

ಟಿಕೆಟ್ ತೆಗೆಯುವಾಗ ‘ವೀಲ್‌ಚೇರ್ ಬೇಕು’ ಎಂದು ಬರೆಸಿದರೆ ಸಾಲದು, ಯಾವ ಬಗೆಯದು ಎಂದೂ ಬರೆಸಬೇಕು. ವಿಮಾನ ಕಂಪನಿಗಳ ಭಾಷೆಯಲ್ಲಿ ಅದಕ್ಕೆ ಮೂರು ಸಂಕೇತಗಳಿವೆ. ಮೆಟ್ಟಿಲು ಹತ್ತಬಲ್ಲ, ಆದರೆ ದೂರ ನಡೆಯಲಾಗದವರು ಡಬ್ಲ್ಯುಸಿಎಚ್‌ಆರ್. ಮೆಟ್ಟಿಲು ಆಗದವರು ಡಬ್ಲ್ಯುಸಿಎಚ್‌ಎಸ್. ಸೀಟಿನವರೆಗೂ ಕುರ್ಚಿಯಲ್ಲೇ ಒಯ್ದು ಕೂರಿಸಬೇಕಾದವರು ಡಬ್ಲ್ಯುಸಿಎಚ್‌ಸಿ. ಮೊದಲ ಸಂಕೇತ ಬಿದ್ದ ಟಿಕೆಟ್ಟಿನಲ್ಲಿ ಮೂರನೆಯ ಬಗೆಯ ಪ್ರಯಾಣಿಕರು ಶಂಷಾಬಾದಿನ ವಿಮಾನ ನಿಲ್ದಾಣಕ್ಕೆ ಹೋದರೆ ಎತ್ತಿ ಕೂರಿಸುವ ಇಬ್ಬರಿಗಾಗಿ ಗೇಟಿನಲ್ಲಿ ಕಾಯಬೇಕಾಗುತ್ತದೆ. ಬ್ಯಾಟರಿ ವೀಲ್‌ಚೇರಾದರೆ ಇನ್ನೊಂದು ಕಟ್ಟಳೆ: ಬಿಚ್ಚಿ ತೆಗೆಯುವ ಲಿಥಿಯಂ ಬ್ಯಾಟರಿ ಒಂದೇ ಇದ್ದರೆ 300 ವ್ಯಾಟ್‌ಅವರ್ ಮೀರಬಾರದು, ಎರಡಿದ್ದರೆ ತಲಾ 160.

ನಮ್ಮ ಏರ್‌ಪೋರ್ಟುಗಳಲ್ಲಿ ವೀಲ್‌ಚೇರಿನ ಸಾಲು ಉದ್ದವಾಗಿರುವುದಕ್ಕೆ ಬೇರೆ ಕಾರಣವೂ ಉಂಟು. ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಹೊರಟ ಅಮ್ಮಂದಿರು ನಡೆಯಬಲ್ಲವರಾದರೂ ಕುರ್ಚಿ ಬರೆಸುತ್ತಾರೆ. ಅದನ್ನು ಕಂಡು ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಬೋರ್ಡು ಓದಲಾಗದ, ಇಮಿಗ್ರೇಶನ್ನಿನಲ್ಲಿ ಉತ್ತರ ಹೇಳಲು ಅಳುಕುವ ಅವರಿಗೂ ಸಹಾಯ ಬೇಕು, ಕೇಳಿದ ವಸ್ತು ಮಾತ್ರ ತಪ್ಪು. ಬರಮಾಡಿಕೊಂಡು ದಾರಿ ತೋರಿಸುವ ಸೇವೆಗೆ ಎಂಎಎಎಸ್ ಎಂಬ ಬೇರೆಯೇ ಸಂಕೇತವಿದೆ. ಟ್ರಾವೆಲ್ ಏಜೆಂಟರು ಅದನ್ನು ಹೇಳಿಕೊಟ್ಟರೆ ಕುರ್ಚಿಯೇ ಗತಿಯಾದವರ ಸಾಲು ಬೇಗ ಕರಗೀತು.

ವಿಮಾನದ ಒಳಗೆ ಪರಿಚಾರಕರು ಸಣ್ಣ ಕುರ್ಚಿಯಲ್ಲಿ ಕೂರಿಸಿ ಶೌಚಾಲಯದ ಬಾಗಿಲವರೆಗೆ ಒಯ್ಯುತ್ತಾರೆ, ಒಳಗೆ ಬರುವುದಿಲ್ಲ. ಊಟದ ಪೊಟ್ಟಣ ಬಿಡಿಸಿ ಕೊಡುತ್ತಾರೆ, ಉಣಿಸುವುದಿಲ್ಲ. ಅಮೆರಿಕದ ನಿಯಮಗಳು ಈ ಗೆರೆಯನ್ನು ಅಕ್ಷರದಲ್ಲೇ ಎಳೆದಿವೆ. ಹೀಗಾಗಿ ಎಷ್ಟೋ ಪ್ರಯಾಣಿಕರು ಹಿಂದಿನ ರಾತ್ರಿಯಿಂದಲೇ ನೀರು ಬಿಡುತ್ತಾರೆ. ಇಳಿಯುವ ಹೊತ್ತಿಗೆ ಮೂತ್ರದ ಸೋಂಕು ಹೊಂಚುಹಾಕಿರುತ್ತದೆ. ತುರ್ತುಸ್ಥಿತಿಯಲ್ಲಿ ಸ್ವತಃ ಹೊರಬರಲಾಗದವರು ಸಂಗಡಿಗರನ್ನು ಕರೆತರಲಿ ಎಂದು ಕಂಪನಿ ಹಟ ಹಿಡಿಯುವುದೂ ಉಂಟು. ಅಮೆರಿಕದಲ್ಲಿ, ಒಬ್ಬರೇ ಹೋಗಬಲ್ಲೆ ಎಂದು ಪ್ರಯಾಣಿಕರು ಹೇಳಿದರೂ ಕಂಪನಿ ಒಪ್ಪದಿದ್ದರೆ ಆ ಸಂಗಡಿಗರ ಟಿಕೆಟ್ಟಿಗೆ ದುಡ್ಡು ಕೇಳುವಂತಿಲ್ಲ. ಕೆನಡಾದಲ್ಲಿ 2009ರಿಂದ ದೇಶದೊಳಗಿನ ಹಾರಾಟಗಳಿಗೆ ಒಬ್ಬರಿಗೆ ಒಂದೇ ದರ, ಸಹಾಯಕರ ಸೀಟಿಗೆ ಬೇರೆ ಟಿಕೆಟ್ ಇಲ್ಲ. ನಮ್ಮ ರೈಲ್ವೆಯೂ ಅಂಗವಿಕಲರ ಜೊತೆ ಬರುವವರಿಗೆ ರಿಯಾಯಿತಿ ಕೊಡುತ್ತದೆ. ಹೈದರಾಬಾದಿನ ನಾಂಪಲ್ಲಿ ಸ್ಟೇಷನ್ನಿಗೆ ಗೊತ್ತಿರುವ ಲೆಕ್ಕ ಆಕಾಶಕ್ಕೆ ಏರಿದ ಮೇಲೆ ಮರೆತುಹೋಗುತ್ತದೆ.

ಇಷ್ಟೆಲ್ಲ ಸುಸೂತ್ರವಾಗಿ, ಹೀಥ್ರೂದಲ್ಲಿ ಕುರ್ಚಿ ತಳ್ಳಿದವನು ಟ್ಯಾಕ್ಸಿಗೆ ಕೂರಿಸಿ ಕೈಬೀಸಿದ ಎನ್ನಿ. ನಿಜವಾದ ಪ್ರಯಾಣ ಆಮೇಲೆ. ಹೋಟೆಲಿನ ಹಾಸಿಗೆಯಿಂದ ಎಬ್ಬಿಸುವವರು ಯಾರು? ಸ್ನಾನಕ್ಕೆ, ಕ್ಯಾತಿಟರ್ ಬದಲಿಸಲು, ಮುಟ್ಟಿನ ದಿನಗಳಿಗೆ, ರಾತ್ರಿ ಮಗ್ಗಲು ಬದಲಿಸಿ ಹಾಸಿಗೆ ಹುಣ್ಣು ಆಗದಂತೆ ನೋಡಲು? ಮನೆಯಲ್ಲಿ ಇದನ್ನು ಅಮ್ಮ, ಅಣ್ಣ, ಬೆಳಗಿನ ಆಯಾ ಸೇರಿ ಮಾಡುತ್ತಾರೆ. ಲೆಕ್ಕವಿಲ್ಲ, ವೇಳಾಪಟ್ಟಿ ಇಲ್ಲ. ಅಮ್ಮನಿಗೆ ದೇವಸ್ಥಾನಕ್ಕೆ ಹೋಗುವುದಿದ್ದರೆ ಮಗಳು ಆ ಹೊತ್ತಿಗೇ ಏಳಬೇಕು, ಬೇಡ ಎನ್ನುವ ಬಾಯಿಲ್ಲ. ಪ್ರೀತಿಯ ಸಹಾಯಕ್ಕೆ ಇರುವ ಬೆಲೆ ಇದು.

ಪರದೇಶದಲ್ಲಿ ಈ ಕೆಲಸವನ್ನು ತಾಸಿನ ಲೆಕ್ಕದಲ್ಲಿ ಕೊಳ್ಳಬೇಕು. ಇಂಗ್ಲೆಂಡಿನಲ್ಲಿ ಮೈಮುಟ್ಟಿ ಆರೈಕೆ ಮಾಡುವ ಏಜೆನ್ಸಿಗಳು ಕೇರ್ ಕ್ವಾಲಿಟಿ ಕಮಿಷನ್‌ನಲ್ಲಿ ನೋಂದಾಯಿಸಿರಬೇಕು. ಅವುಗಳ ತಪಾಸಣಾ ವರದಿಯನ್ನು ಹೈದರಾಬಾದಿನಲ್ಲೇ ಕೂತು ಓದಬಹುದು. ಏಜೆನ್ಸಿಯವರು ಮೊದಲು ಕೇಳುವುದು ರೋಗದ ಹೆಸರನ್ನಲ್ಲ, ದಿನಚರಿಯನ್ನು. ಎಷ್ಟು ಗಂಟೆಗೆ ಏಳುತ್ತೀರಿ, ಹಾಸಿಗೆಯಿಂದ ಕುರ್ಚಿಗೆ ಹೇಗೆ ದಾಟುತ್ತೀರಿ, ಯಾವ ಕೈಗೆ ಬಲವಿದೆ, ಹೆಂಗಸೇ ಬೇಕೇ? ನಮ್ಮಲ್ಲಿ ಅಮ್ಮನ ಕೈಗೆ ಅಭ್ಯಾಸವಾಗಿ, ಯಾರೂ ಬಾಯಿಬಿಟ್ಟು ಹೇಳದೆ ನಡೆದುಬಂದದ್ದನ್ನೆಲ್ಲ ಬರೆದು ಕೊಡಬೇಕು. ಹೊರಡುವ ಮುಂಚೆ ಇಲ್ಲಿಯ ಆಯಾಳ ಬದಲು ಪರಿಚಯವಿಲ್ಲದವರೊಬ್ಬರಿಗೆ ಆ ಹಾಳೆಯನ್ನು ಓದಿ ಹೇಳಿ, ಒಂದು ಬೆಳಗು ಅವರಿಂದಲೇ ಮಾಡಿಸಿ ನೋಡುವುದು ಒಳ್ಳೆಯದು. ಹಾಳೆಯಲ್ಲಿ ಬಿಟ್ಟುಹೋದದ್ದೆಲ್ಲ ಅವತ್ತೇ ಹೊರಬೀಳುತ್ತದೆ.

ನಮ್ಮವರು ಎಡವುವ ಜಾಗ ಎತ್ತುವ ವಿಷಯ. ಇಲ್ಲಿ ಅಣ್ಣ ಕಂಕುಳಿಗೆ ಕೈಹಾಕಿ ಎತ್ತಿ ಕೂರಿಸುತ್ತಾನೆ. ಅಲ್ಲಿಯ ಏಜೆನ್ಸಿಯವರು ತಮ್ಮ ಕೆಲಸದವರ ಬೆನ್ನು ಉಳಿಯಬೇಕೆಂದು ಮನುಷ್ಯರನ್ನು ಕೈಯಿಂದ ಎತ್ತಲು ಬಿಡುವುದಿಲ್ಲ. ಜಾರುಹಲಗೆಯ ಮೇಲೆ ಸರಿದು ದಾಟಬಲ್ಲವರಿಗೆ ತೊಂದರೆಯಿಲ್ಲ. ಅದಾಗದವರಿಗೆ ಹಾಯಿಸ್ಟ್ ಎಂಬ ಎತ್ತುವ ಯಂತ್ರ ಬೇಕು. ಅದು ಬಾಡಿಗೆಗೆ ಸಿಗುತ್ತದೆ. ಆದರೆ ಅದರ ಕಾಲುಗಳು ಮಂಚದ ಅಡಿಗೆ ತೂರಬೇಕು. ವೀಲ್‌ಚೇರಿಗೆ ತಕ್ಕ ಕೋಣೆ ಎಂದು ಹೋಟೆಲು ಹೇಳಿಕೊಂಡರೂ ಮಂಚ ನೆಲಕ್ಕೆ ಹತ್ತಿದ ಪೆಟ್ಟಿಗೆಯಂತಿದ್ದರೆ ಯಂತ್ರ ಬಾಗಿಲಲ್ಲೇ ನಿಲ್ಲುತ್ತದೆ. ಮಂಚದ ಎತ್ತರ, ಅಡಿಯಲ್ಲಿರುವ ಸಂದು, ಬಚ್ಚಲ ಬಾಗಿಲ ಅಗಲ, ಈ ಮೂರಕ್ಕೂ ಸೆಂಟಿಮೀಟರಿನಲ್ಲಿ ಉತ್ತರ, ಜೊತೆಗೊಂದು ಫೋಟೋ ಬರುವವರೆಗೆ ಬುಕಿಂಗ್‌ಗೆ ಹಣ ಕಟ್ಟಬಾರದು.

ಇಲ್ಲಿಯ ಆಯಾಳನ್ನೇ ಕರೆದೊಯ್ಯಬಾರದೇ? ಒಯ್ಯಬಹುದು, ವೀಸಾ ಸಿಕ್ಕರೆ. ಬ್ಯಾಂಕಿನಲ್ಲಿ ಹಣವಿಲ್ಲದ, ಆದಾಯ ತೆರಿಗೆಯ ಕಾಗದವಿಲ್ಲದ, ಹಿಂದೆಂದೂ ವಿದೇಶ ಕಾಣದ ಹೆಂಗಸು ವಾಪಸು ಬರುತ್ತಾಳೆಂದು ನಂಬಿಸುವುದು ಕಷ್ಟ. ಅಮೆರಿಕಕ್ಕಾದರೆ ಮನೆಕೆಲಸದವರಿಗೆ ಬಿ-1 ವೀಸಾ ಇದೆ, ಆದರೆ ಲಿಖಿತ ಒಪ್ಪಂದವೂ ಅಲ್ಲಿಯ ಮಟ್ಟದ ಕೂಲಿಯೂ ಬೇಕು. ತೊಡಕು ವೀಸಾದ್ದು ಮಾತ್ರವಲ್ಲ, ದುಬೈ ಕಡೆಗೆ ಹೊರಟವರು ಔಷಧದ ಚೀಲವನ್ನು ಮೊದಲು ನೋಡಿಕೊಳ್ಳಬೇಕು. ಬೆನ್ನುಹುರಿ ಪೆಟ್ಟಾದವರು ನರದ ನೋವಿಗೆ ನುಂಗುವ ಪ್ರೆಗಾಬಾಲಿನ್, ಟ್ರಮಡಾಲ್ ಎರಡೂ ಯುಎಇಯಲ್ಲಿ ನಿಯಂತ್ರಿತ. ಮುಂಚೆಯೇ ಅನುಮತಿ ಪಡೆಯದೆ ಒಯ್ಯುವುದು ಅಪಾಯ.

ದೇಹ ಬೇರೆಯಾದರೆ ಬೇಕಾದ ಸಹಾಯವೂ ಬೇರೆ. ಇದೇ ನಗರದ ಬೇಗಂಪೇಟೆಯ ದೇವ್ನಾರ್ ಅಂಧರ ಶಾಲೆಯಲ್ಲಿ ಓದಿದ ಶ್ರೀಕಾಂತ್ ಬೊಲ್ಲ ಅಮೆರಿಕದ ಎಂಐಟಿಗೆ ಹೋಗಿ ಓದಿ ಬಂದು ಇಲ್ಲಿ ಬೊಲ್ಲಾಂಟ್ ಕಂಪನಿ ಕಟ್ಟಿದರು. ಕಣ್ಣು ಕಾಣದವರಿಗೆ ಹೊಸ ಊರಿನಲ್ಲಿ ಬೇಕಾಗುವುದು ಹಾಸ್ಟೆಲಿನಿಂದ ತರಗತಿಗೆ ದಾರಿ ಕಲಿಸುವವರು, ಓದಿ ಹೇಳುವ ಸಾಫ್ಟ್‌ವೇರು. ಇಂಥದ್ದನ್ನು ಅಮೆರಿಕದ ವಿಶ್ವವಿದ್ಯಾಲಯಗಳು ಬಹುಪಾಲು ಒದಗಿಸುತ್ತವೆ. ಹಾಸಿಗೆಯಿಂದ ಎಬ್ಬಿಸುವ ಸಹಾಯಕರನ್ನು ಒದಗಿಸುವ ಹೊಣೆ ಅವುಗಳಿಗಿಲ್ಲ, ಹಾಗೆಂದು ಕಾನೂನಿನಲ್ಲೇ ಬರೆದಿದೆ. ಬಡವರಿಗೆ, ಅಂಗವಿಕಲರಿಗೆ ಸರ್ಕಾರ ಕೊಡುವ ಮೆಡಿಕೈಡ್ ವಿದೇಶಿ ವಿದ್ಯಾರ್ಥಿಗೆ ಸಿಗುವುದಿಲ್ಲ. ಹಾಗಾದರೆ ನಮ್ಮೂರ ಹುಡುಗನೇ ರೂಮ್‌ಮೇಟ್ ಆಗಿದ್ದಾನಲ್ಲ, ಅವನಿಗೇ ಒಂದಿಷ್ಟು ಡಾಲರ್ ಕೊಟ್ಟರಾಯಿತು ಎಂದು ಕೆಲವರು ಹೊರಡುತ್ತಾರೆ. ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದವರು ಕ್ಯಾಂಪಸ್ಸಿನ ಹೊರಗೆ ಹೀಗೆ ಸಂಬಳ ಪಡೆದರೆ ವೀಸಾಕ್ಕೇ ಕುತ್ತು. ಪುಕ್ಕಟೆ ಮಾಡಿಸಿಕೊಂಡರೆ ಪರೀಕ್ಷೆಯ ವಾರ ಬರುವ ಹೊತ್ತಿಗೆ ಗೆಳೆತನ ಸೊರಗಿರುತ್ತದೆ. ಕನ್ನಡ ಸಂಘಗಳ ಉಪಕಾರ ದೊಡ್ಡದು, ಅಕ್ಕಿ ಬೇಳೆಯಿಂದ ಹಿಡಿದು ಆಸ್ಪತ್ರೆಯ ಸರದಿಯವರೆಗೆ ನೆರವಾಗುತ್ತವೆ. ಆದರೆ ಪ್ರತಿ ಬೆಳಿಗ್ಗೆ ಆರಕ್ಕೆ ಬಂದು ಬಾಗಿಲು ತಟ್ಟುವುದು ಸಂಘದ ಕೆಲಸವಲ್ಲ.

ಈ ಬಿಕ್ಕಟ್ಟನ್ನು ಮೊದಲು ಬಿಡಿಸಿದವರಲ್ಲಿ ಒಬ್ಬರು ಆಡಾಲ್ಫ್ ರಾಟ್ಸ್ಕಾ. ಹದಿಹರೆಯದಲ್ಲಿ ಪೋಲಿಯೊ ತಗುಲಿ ಜರ್ಮನಿಯ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಕಳೆದ ಇವರು 1966ರಲ್ಲಿ ಲಾಸ್ ಏಂಜಲೀಸಿಗೆ ಓದಲು ಹೋದರು. ಸಹಾಯಕರ ಸಂಬಳಕ್ಕೆ ಜರ್ಮನಿಯಿಂದ ಹಣ ಅವರ ಕೈಗೇ ಬರುತ್ತಿತ್ತು. ಯಾರನ್ನು ಇಟ್ಟುಕೊಳ್ಳಬೇಕು, ಯಾವಾಗ ಬರಬೇಕು, ಯಾರನ್ನು ಬಿಡಿಸಬೇಕು ಎಂಬುದೆಲ್ಲ ಅವರದೇ ತೀರ್ಮಾನ. ಮುಂದೆ ಸ್ವೀಡನ್ನಿಗೆ ಹೋಗಿ, 1980ರ ದಶಕದಲ್ಲಿ ಸಹಾಯ ಪಡೆಯುವವರೇ ನಡೆಸುವ ಸ್ಟಿಲ್ ಎಂಬ ಸಹಕಾರಿ ಸಂಘ ಕಟ್ಟಿದರು. 1994ರಿಂದ ಸ್ವೀಡನ್ನಿನಲ್ಲಿ ವೈಯಕ್ತಿಕ ಸಹಾಯ ಕಾನೂನಿನ ಹಕ್ಕಾಯಿತು. ಅಲ್ಲಿಯವರು ವಿದೇಶಕ್ಕೆ ಹೊರಟರೆ ಸಂಬಳದ ಸಹಾಯಕರೂ ಜೊತೆಗೆ ಹೊರಡುತ್ತಾರೆ.

ಈ ಸಂಬಂಧ ಹೇಗಿರಬೇಕೆಂದು ಕೇಳಿದವರಿಗೆ ನಾನು ತೋರಿಸುವುದು ಚಿಕ್ಕಮಗಳೂರಿನ ರಕ್ಷಿತಾ ರಾಜು ಅವರ ಓಟ. ಸಂಪೂರ್ಣ ಅಂಧರ 1500 ಮೀಟರ್ ಓಟದಲ್ಲಿ 2018ರ ಜಕಾರ್ತ, 2023ರ ಹ್ಯಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟಗಳೆರಡರಲ್ಲೂ ಚಿನ್ನ ಗೆದ್ದವರು, 2024ರಲ್ಲಿ ಪ್ಯಾರಿಸ್ಸಿನ ಪ್ಯಾರಾಲಿಂಪಿಕ್ಸಿಗೂ ಹೋಗಿಬಂದವರು. ಪಕ್ಕದಲ್ಲಿ ಓಡುವವರು ಗೈಡ್ ರಾಹುಲ್ ಬಾಲಕೃಷ್ಣ, ಇಬ್ಬರ ಕೈಗೂ ಒಂದು ತುಂಡು ದಾರ. ಗೈಡ್ ಎಳೆಯಬಾರದು, ದೂಡಬಾರದು, ಗೆರೆಯನ್ನು ಓಟಗಾರ್ತಿಗಿಂತ ಮೊದಲು ದಾಟಬಾರದು. ದಾಟಿದರೆ ಓಟವೇ ರದ್ದು. ಮನೆಮಂದಿಯನ್ನು ಜೊತೆಗೆ ಕಟ್ಟಿಕೊಂಡು ಹೋದ ಎಷ್ಟೋ ಪ್ರವಾಸಗಳಲ್ಲಿ ಗೆರೆಯನ್ನು ಮೊದಲು ದಾಟುವವರು ಅಣ್ಣ, ಭಾವಂದಿರೇ. ಮ್ಯೂಸಿಯಂ ಬೇಡ, ಸುಸ್ತಾಗುತ್ತೆ ಎಂದು ತೀರ್ಮಾನಿಸುವವರೂ ಅವರೇ. ಹೋಟೆಲಿನ ಮಾಣಿ ‘ಇವರಿಗೇನು ಬೇಕು?’ ಎಂದು ಕೇಳುವುದೂ ಅವರನ್ನೇ.

ಭಾರತ 2007ರ ಅಕ್ಟೋಬರ್ 1ರಂದು ಅನುಮೋದಿಸಿದ, ಅಂಗವಿಕಲರ ಹಕ್ಕುಗಳ ಬಗೆಗಿನ ವಿಶ್ವಸಂಸ್ಥೆಯ ಒಡಂಬಡಿಕೆಯ 19ನೇ ವಿಧಿಯಲ್ಲಿ ವೈಯಕ್ತಿಕ ಸಹಾಯದ ಮಾತು ಸ್ಪಷ್ಟವಾಗಿಯೇ ಇದೆ. ನಮ್ಮ 2016ರ ಕಾಯ್ದೆ ಅಲ್ಲಿಯವರೆಗೆ ಹೋಗದೆ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆ ಭತ್ಯೆ ಎಂಬಲ್ಲಿಗೆ ನಿಂತಿತು. ಸರ್ಕಾರದ ಮಾತು ಹಾಗಿರಲಿ, ಚಿರಾಗ್ ಅಲಿ ಲೇನ್‌ನ ನಮ್ಮ ಹೆಣ್ಣುಮಗಳನ್ನು ಕಳಿಸುತ್ತಿರುವುದು ಕಂಪನಿ. ಬ್ರಿಟನ್ನಿನ ಕನಿಷ್ಠ ಕೂಲಿ 2025ರ ಏಪ್ರಿಲ್‌ನಲ್ಲಿ ತಾಸಿಗೆ 12.21 ಪೌಂಡ್ ಇತ್ತು. ಆ ಲೆಕ್ಕದಲ್ಲಿ ಬೆಳಿಗ್ಗೆ ಎರಡು ತಾಸು, ರಾತ್ರಿ ಎರಡು ತಾಸು ಎಂದರೆ ಹತ್ತು ದಿನಕ್ಕೆ 488 ಪೌಂಡ್, ಹೆಚ್ಚುಕಡಿಮೆ 56 ಸಾವಿರ ರೂಪಾಯಿ. ಏಜೆನ್ಸಿಯ ದರ ಇದರ ಎರಡು ಪಟ್ಟು ದಾಟುವುದು ಮಾಮೂಲು, ಲಕ್ಷದ ಮೇಲೆಯೇ ಹಿಡಿಯಬೇಕು. ಅಬ್ಬಾ ಎನ್ನುವ ಮುಂಚೆ ಅಣ್ಣನ ಲೆಕ್ಕವನ್ನೂ ಹಾಕಬೇಕು: ವಿಮಾನದ ಟಿಕೆಟ್ಟು, ವೀಸಾ, ಊಟ, ಹತ್ತು ದಿನದ ಸಂಬಳ. ಅದೂ ಲಕ್ಷ ದಾಟುತ್ತದೆ. ಮನೆಯ ದುಡ್ಡಾದ್ದರಿಂದ ಯಾರೂ ಕೂಡಿಸುವುದಿಲ್ಲ, ಅಷ್ಟೇ. ಕಂಪನಿಯ ಪ್ರವಾಸದ ಬಿಲ್ಲಿನಲ್ಲಿ ಟ್ಯಾಕ್ಸಿಗೊಂದು ಸಾಲಿದೆ, ಲಾಂಡ್ರಿಗೊಂದು ಸಾಲಿದೆ. ಸಹಾಯಕರಿಗೂ ಒಂದು ಸಾಲು ಹಾಕಿಸಿಕೊಂಡು ಎಚ್‌ಆರ್‌ನವರ ಸಹಿ ಪಡೆಯುವುದು ವೀಸಾ ಅರ್ಜಿಗಿಂತ ಮೊದಲು ಆಗಬೇಕಾದ ಕೆಲಸ. ಏಜೆನ್ಸಿಯವರು ಮುಂಗಡ ಕೇಳುತ್ತಾರೆ.