ಉಣ್ಣುವ ಮೊದಲು ನಾಯಿಯ ನೆನಪು

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949–50ರ ವೀರಗಲ್ಲೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ ಒಡೆಯ ಮೆಚ್ಚಿ, ಬೇಕಾದ್ದನ್ನು ಕೇಳೆಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿ ದೊಡ್ಡ ಹಂದಿಯೊಂದರೊಡನೆ ಸೆಣಸಿತು, ಎರಡೂ ಸತ್ತವು. ಅದರ ನೆನಪಿಗೆ ಚಲ್ಲೇಶ್ವರ ಗುಡಿಯ ಮುಂದೆ ಈ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಎಂಬ ಎಚ್ಚರಿಕೆಯೂ ಶಾಸನದಲ್ಲಿದೆ.

ಸತ್ತ ನಾಯಿಗೆ ಮೀಸಲಾಗಿದ್ದ ಇಷ್ಟು ಗಮನ ಇಂದು ಬದುಕಿರುವ ಎಷ್ಟೋ ನಾಯಿಗಳಿಗೆ ಇಲ್ಲ. ಬೆಳಿಗ್ಗೆ ಎಂಟಕ್ಕೆ ಬೀಗ ಬಿದ್ದ ಮನೆ ತೆರೆಯುವುದು ಸಂಜೆ ಏಳಕ್ಕೆ. ತಟ್ಟೆಯಲ್ಲಿ ಅನ್ನ, ಬಟ್ಟಲಲ್ಲಿ ನೀರು ಇರುತ್ತದೆ, ನಿಜ. ಆದರೆ ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ತಕ್ಕಷ್ಟು ಓಡಾಟ ಕೊಡದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ತಪ್ಪಿಗೆ ಆ ಕಾಯ್ದೆ ಗೊತ್ತುಮಾಡಿದ ದಂಡ 10ರಿಂದ 50 ರೂಪಾಯಿ! ಯಾರು ಹೆದರಿಯಾರು?

ನಾಯಿಗೆ ಆಟವೆಂದರೆ ಬರಿಯ ಹೊತ್ತು ಕಳೆಯುವುದಲ್ಲ. ಚೆಂಡಿನ ಬೆನ್ನಟ್ಟುವುದು, ಕಚ್ಚಿ ಹಿಡಿಯುವುದು, ಹಗ್ಗವನ್ನು ಹಲ್ಲಿನಲ್ಲಿ ಹಿಡಿದು ತಲೆ ಒದರುವುದು, ಮೂಸುತ್ತ ಹುಡುಕುವುದು – ಎಲ್ಲವೂ ಬೇಟೆಯ ಬಿಡಿ ತುಣುಕುಗಳು. ಕಾಳಿಗೆ ಹಂದಿಯಿತ್ತು, ಬೀಗ ಹಾಕಿದ ಮನೆಯ ನಾಯಿಗೆ ಸಿಗುವುದು ಚಪ್ಪಲಿ. ಅದನ್ನು ಹರಿದರೆ ಏಟು ಬೀಳುತ್ತದೆ.

ಮುಂಗಾಲನ್ನು ನೆಲಕ್ಕೆ ಚಾಚಿ, ಹಿಂಭಾಗವನ್ನೆತ್ತಿ ಬಾಗುವುದು ನಾಯಿ ಆಟಕ್ಕೆ ಕರೆಯುವ ರೀತಿ. ಇನ್ನು ಗುರುಗುಟ್ಟಿದರೂ, ಬಾಯಿ ಹಾಕಿದರೂ ಅದು ಸುಳ್ಳು ಜಗಳ ಎಂದು ಮೊದಲೇ ತಿಳಿಸುವ ಸಂಜ್ಞೆಯದು. ಸಂಜೆ ಬಾಗಿಲು ತೆರೆದವರ ಮುಂದೆ ನಾಯಿ ಎಷ್ಟೋ ಸಲ ಹೀಗೆ ಬಾಗುತ್ತದೆ. ಮೈ ಮುರಿಯುತ್ತಿದೆ ಎಂದುಕೊಂಡು ಮನೆಯವರು ದಾಟಿ ಹೋಗುತ್ತಾರೆ.

ಜಪಾನಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೆಚ್ಚು ಹೊತ್ತು ಒಬ್ಬರನ್ನೊಬ್ಬರು ದಿಟ್ಟಿಸಿದ ನಾಯಿ ಮತ್ತು ಒಡೆಯ ಇಬ್ಬರಲ್ಲೂ ಆಕ್ಸಿಟೋಸಿನ್ ಹಾರ್ಮೋನು ಹೆಚ್ಚಿತ್ತು. ತಾಯಿ–ಮಗುವಿನ ನಂಟನ್ನು ಬಿಗಿಗೊಳಿಸುವುದೂ ಇದೇ ಹಾರ್ಮೋನು. ಮನುಷ್ಯರೇ ಸಾಕಿದ ತೋಳಗಳಲ್ಲಿ ಹೀಗಾಗಲಿಲ್ಲ. ಕಣ್ಣು ಟಿ.ವಿ.ಯ ಮೇಲಿಟ್ಟು ಕೈಯಿಂದ ಚೆಂಡು ಎಸೆದರೆ ಓಟವೇನೋ ಆದೀತು, ಒಡನಾಟವಾಗದು.

ಇದಕ್ಕೆ ಗಂಟೆಗಟ್ಟಲೆ ಬೇಕಿಲ್ಲ. ತಿರುಗಾಟದ ಜೊತೆಗೆ ಬೆಳಿಗ್ಗೆ, ಸಂಜೆ ಕಾಲು ಕಾಲು ಗಂಟೆಯ ಆಟವಿದ್ದರೂ ಆದೀತು; ಹೊತ್ತು ಮಾತ್ರ ತಪ್ಪಬಾರದು. ಬಿಸಿಲಲ್ಲಿ ಕಾದ ಟಾರು ರಸ್ತೆ ಅಂಗಾಲನ್ನು ಸುಡುತ್ತದೆ. ಹೊಟ್ಟೆ ತುಂಬಿದ ಕೂಡಲೇ ಓಡಿಸುವುದೂ ಬೇಡ. ಮಳೆಯ ದಿನ ರೊಟ್ಟಿಯ ಚೂರನ್ನು ಹಳೆ ಬಟ್ಟೆಯಲ್ಲಿ ಸುತ್ತಿ ಬಚ್ಚಿಟ್ಟು ಹುಡುಕಲು ಬಿಟ್ಟರೆ ಮನೆಯೊಳಗೇ ಬೇಟೆ. ಕಾಲು ಸೋತು ಚೆಂಡಿನ ಕಡೆ ತಿರುಗಿಯೂ ನೋಡದ ಮುದಿನಾಯಿ ಕೂಡ ಈ ಮೂಗಿನ ಆಟಕ್ಕೆ ಎದ್ದು ಬರುವುದುಂಟು.